ಹಿಮಗಾಡಿಯ ಬೆನ್ನೆಲುಬು

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ವಾಲ್ಕೂರ್ ಎಂಬುದೊಂದು ಸಣ್ಣ ಊರು. 1934ರ ಚಳಿಗಾಲದಲ್ಲಿ ಆ ಊರಿನ ಯಂತ್ರಕುಶಲಿ ಜೋಸೆಫ್-ಅರ್ಮಾಂ ಬೊಂಬಾರ್ಡಿಯೇ ಎಂಬಾತನ ಎರಡು ವರ್ಷದ ಗಂಡುಮಗು ಹೊಟ್ಟೆಯ ಬೇನೆಯಿಂದ ನರಳಿತು. ಆಸ್ಪತ್ರೆ ದೂರ, ದಾರಿಯೆಲ್ಲ ಹಿಮದಲ್ಲಿ ಹೂತುಹೋಗಿದ್ದಿತು, ಹಿಮದ ಮೇಲೆ ಓಡುವ ವಾಹನವೊಂದನ್ನು ಕಟ್ಟಬೇಕೆಂದು ತಂದೆಯು ವರ್ಷಗಳಿಂದ ಪಡುತ್ತಿದ್ದ ಶ್ರಮ ಇನ್ನೂ ಫಲಿಸಿರಲಿಲ್ಲ. ಮಗು ಉಳಿಯಲಿಲ್ಲ. 1937ರ ಹೊತ್ತಿಗೆ ಏಳು ಮಂದಿ ಕುಳಿತು ಹೋಗಬಹುದಾದ ಹಿಮವಾಹನವು ಆತನ ಕೈಯಲ್ಲಿ ಸಿದ್ಧವಾಯಿತು. 1959ರಲ್ಲಿ ಒಬ್ಬಿಬ್ಬರ ಸವಾರಿಗೆ ತಕ್ಕ ಸ್ಕೀ-ಡೂ ಎಂಬ ಪುಟ್ಟ ಗಾಡಿ ಹೊರಬಂದಿತು. ಸ್ನೋಮೊಬೈಲ್ ಎಂದು ಕರೆಯಲ್ಪಡುವ ಹಿಮಗಾಡಿಗಳ ಬಳಗದಲ್ಲಿ ಹೆಸರುವಾಸಿಯಾದುದು ಇದು.

ಮೂವತ್ತು ನಲವತ್ತು ವರ್ಷ ಹಳೆಯ ಹಿಮಗಾಡಿಗಳನ್ನು ಇಂದಿಗೂ ಓಡಿಸುವವರುಂಟು. ತಂದೆ ಕೊಂಡುದನ್ನು ಮಗನು ಬಿಡಲೊಲ್ಲನು; ಆದರೆ ಅದರ ಓಟ ಸಾಲದೆನ್ನುವನು. ಸಿಲಿಂಡರಿನ ಕಂಡಿಗಳನ್ನು ಅಗಲಿಸುವನು, ಹೊಗೆಕೊಳವೆಯನ್ನು ಬದಲಿಸುವನು, ಹೇಗಾದರೂ ಬಲವೇರಿಸುವನು. ಒಂದು ದಿನ ಹೆಪ್ಪುಗಟ್ಟಿದ ಸರೋವರದ ನಡುವೆ ಕ್ರಾಂಕು ದಂಡವು ಕೈಕೊಡುವುದು. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿ, ಸಂಜೆಯ ಮಬ್ಬು, ಮನೆಗೆ ಹತ್ತು ಮೈಲಿಯ ಕಾಲ್ನಡಿಗೆ. 1934ರ ದಾರಿಯೇ ಮತ್ತೆ ಮುಚ್ಚಿದಂತಾಯಿತು.

ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿ ಮಾರ್ಪಡಿಸುವ ಉಕ್ಕಿನ ಬೆನ್ನೆಲುಬೇ ಈ ದಂಡ. ಇಂಥ ಟೂ-ಸ್ಟ್ರೋಕ್ ಎಂಜಿನುಗಳಲ್ಲಿ ಅದು ಒಂದೇ ತುಂಡಿನದಲ್ಲ. ಬಿಲ್ಲೆಗಳನ್ನೂ ಗೂಟಗಳನ್ನೂ ಭಾರಿ ಒತ್ತಡದಿಂದ ಒಂದರೊಳಗೊಂದು ಕೂಡಿಸಿದುದು. ಅವನ್ನು ಹಿಡಿದಿಟ್ಟಿರುವುದು ಆ ಬಿಗಿಯೊಂದೇ. ನಿಮಿಷಕ್ಕೆ 8000 ಸುತ್ತು, ಎಂದರೆ ಸೆಕೆಂಡಿಗೆ ನೂರಮೂವತ್ತಕ್ಕೂ ಮಿಕ್ಕಿ ತಿರುಗುತ್ತಿರುವಾಗ ಪಿಸ್ಟನ್ನು ಒಮ್ಮೆ ಸಿಲಿಂಡರನ್ನು ಕಚ್ಚಿಕೊಂಡರೆ ಸಾಕು, ದಂಡದ ಒಂದು ಭಾಗ ನಿಂತು ಮತ್ತೊಂದು ಭಾಗ ಮುಂದೊತ್ತುವುದು. ಗೂಟವು ಕೂದಲೆಳೆಯಷ್ಟು ಹೊರಳುವುದು. ಜೋಡಿ ಸಿಲಿಂಡರಿನ ಎಂಜಿನಿನಲ್ಲಿ 180 ಡಿಗ್ರಿ ಎದುರುಬದುರಾಗಿರಬೇಕಾದ ಗೂಟಗಳ ಲೆಕ್ಕ ತಪ್ಪುವುದು. ಅದರಿಂದ ನಡುಕ, ನಡುಕದಿಂದ ಬೇರಿಂಗಿನ ಸವೆತ. ಕೊನೆಗೆ ದಂಡವೇ ಮುರಿಯುವುದೂ ಉಂಟು.

ಬಲವೇರಿಸಿದುದೇ ಈ ಕೇಡಿಗೆ ಕಾರಣವೆಂದು ಹಲವರು ನಂಬುತ್ತಾರೆ. ಅದು ಅರ್ಧ ಸತ್ಯ. ಟೂ-ಸ್ಟ್ರೋಕ್ ಎಂಜಿನಿನ ತಳದಲ್ಲಿ ಎಣ್ಣೆಯ ತೊಟ್ಟಿಯಿರುವುದಿಲ್ಲ. ಪೆಟ್ರೋಲಿನ ಆವಿಯೊಡನೆ ಬರುವ ಎಣ್ಣೆಯೇ ಬೇರಿಂಗಿಗೆ ಕೀಲೆಣ್ಣೆ. ಪೆಟ್ರೋಲಿನಲ್ಲಿ ಬೆರೆಸಿ ಹಾಕುವ ಎಂಜಿನುಗಳಲ್ಲಿ ಪೆಟ್ರೋಲು ಕಡಮೆಯಾದರೆ ಎಣ್ಣೆಯೂ ಕಡಮೆ. ಸೊನ್ನೆಯಿಂದ 30 ಡಿಗ್ರಿ ಕೆಳಗಿಳಿದಾಗ ಗಾಳಿಯು ನೂರಕ್ಕೆ ಹನ್ನೆರಡರಷ್ಟು ದಟ್ಟವಾಗುವುದು. ಕಾರ್ಬ್ಯುರೇಟರಿನ ಜೆಟ್ಟನ್ನು ಅದಕ್ಕೆ ತಕ್ಕಂತೆ ಬದಲಿಸದಿದ್ದರೆ ಮಿಶ್ರಣ ಬಡವಾಗಿ ಪಿಸ್ಟನ್ನು ಕಾಯುವುದು. ದಂಡದ ತುದಿಗಳಲ್ಲಿರುವ ರಬ್ಬರಿನ ಸೀಲುಗಳು ವಯಸ್ಸಿನಿಂದ ಗಟ್ಟಿಯಾಗಿ ಗಾಳಿಯನ್ನು ಒಳಬಿಟ್ಟರೂ ಇದೇ ಗತಿ.

ಇದಕ್ಕಿಂತಲೂ ಮೋಸದ ಶತ್ರುವೆಂದರೆ ಬೇಸಗೆ. ಎಂಟು ತಿಂಗಳು ಗಾಡಿಯು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿರುವಾಗ ಎಂಜಿನಿನೊಳಗೆ ತೇವ ಇಳಿಯುವುದು. ಪೆಟ್ರೋಲಿನಲ್ಲಿ ಎಥನಾಲ್ ಸೇರಿದ್ದರೆ ಅದೂ ನೀರನ್ನು ಹೀರುವುದು. ಎಣ್ಣೆ ಜಾರಿಹೋದ ಕಡೆ, ಬೇರಿಂಗಿನ ಗುಂಡುಗಳ ಮೇಲೆ ಸಾಸಿವೆಯಷ್ಟು ತುಕ್ಕು ಹಿಡಿಯುವುದು. ಜನವರಿಯಲ್ಲಿ ಕೇಳುವ ಸದ್ದು ಜುಲೈಯಲ್ಲಿ ಹುಟ್ಟಿದುದು. ಆಗ ಕೇಳುವವರಾರೂ ಇರಲಿಲ್ಲ.

ಆದುದರಿಂದ ಹಳೆಯ ಎಂಜಿನನ್ನು ಸುಧಾರಿಸಹೊರಟವನು ಮೊದಲು ಅದನ್ನು ಪೂರ್ತಿ ಬಿಚ್ಚಬೇಕು. ದಂಡವನ್ನು ಎರಡು ಕವೆಗಳ ಮೇಲಿರಿಸಿ, ತಿರುಗಿಸಿ, ಡಯಲ್ ಮಾಪಕದಿಂದ ಅದರ ಓರೆಯನ್ನು ಅಳೆಯುತ್ತಾರೆ. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಐದಾರು ಪಾಲಿನೊಳಗಿದ್ದರೆ ಒಳ್ಳೆಯದು. ಹೊಸ ಬೇರಿಂಗು, ಹೊಸ ಸೀಲು, ಗೂಟಗಳ ಲೆಕ್ಕ ಸರಿಪಡಿಸುವುದು, ಆಮೇಲೆ ಗೂಟಗಳಿಗೆ ಬೆಸುಗೆ. ಬೆಸೆದ ದಂಡ ಹೊರಳದು. ಆದರೆ ಮತ್ತೊಮ್ಮೆ ಬಿಚ್ಚುವುದು ಬಲುಕಷ್ಟ. ಬಲವೇರಿಸದ ಗಾಡಿಗೆ ಬೆಸುಗೆಯ ಅವಶ್ಯವೇ ಇಲ್ಲವೆನ್ನುವ ಕುಶಲಿಗಳೂ ಇದ್ದಾರೆ. ಅವರ ಮಾತು ತೆಗೆದುಹಾಕುವಂಥದಲ್ಲ. ದಂಡವೆಷ್ಟೇ ಗಟ್ಟಿಯಾದರೂ ಬಡ ಮಿಶ್ರಣದಲ್ಲಿ ಪಿಸ್ಟನ್ನು ಕಚ್ಚುವುದು ತಪ್ಪದಷ್ಟೆ!

ಬೆಸುಗೆಗೆ ಹಣ ಸುರಿದವರೇ ಒಂದು ಡಬ್ಬಿ ಎಣ್ಣೆಗೆ ಕೈಹಿಡಿಯುವುದು ವಿಚಿತ್ರ. ತಿಳಿದವನು ಹಿಮ ಕರಗುವ ದಿನಗಳಲ್ಲಿ ಕೊನೆಯ ಬಾರಿ ಎಂಜಿನು ಹೂಡಿ, ಕಾರ್ಬ್ಯುರೇಟರಿನ ಬಾಯಿಗೆ ಸಂರಕ್ಷಕ ತೈಲವನ್ನು ಸಿಂಪಡಿಸುತ್ತ ಹೋಗುವನು. ಕೊಟ್ಟಿಗೆಯೆಲ್ಲ ನೀಲಿ ಹೊಗೆಯಿಂದ ತುಂಬಿ, ಎಂಜಿನು ಉಸಿರುಕಟ್ಟಿ ತಾನೇ ನಿಲ್ಲುವುದು. ಬಳಿಕ ಹಗ್ಗವನ್ನು ಎರಡು ಸಲ ಮೆಲ್ಲನೆ ಎಳೆದು, ಹೊಗೆಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಬಾಗಿಲು ಮುಚ್ಚಿಕೊಂಡು ಹೊರಡುವನು.