ಮಂಡಗದ್ದೆಯ ದಂಡೆಯಲ್ಲಿ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸಾಗುವ ಹಾದಿಯಲ್ಲಿ ಸುಮಾರು 30 ಕಿಲೋಮೀಟರ್ ಕ್ರಮಿಸಿದರೆ ಮಂಡಗದ್ದೆ. ಮಳೆಗಾಲದಲ್ಲಿ ಇಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಒತ್ತೊತ್ತಾಗಿ ಗೂಡು ಕಟ್ಟಿ ಮರಿ ಮಾಡುತ್ತವೆ. ಆ ಕಲರವವನ್ನು ಕೇಳುತ್ತ ದಂಡೆಯಲ್ಲಿ ನಿಂತವರಿಗೆ, ಇದೇ ದಾರಿ ಮುಂದೆ ಏರುವ ಆಗುಂಬೆಯ ಕಾಡಿನಲ್ಲಿ ಹಿಂದೆ ಬಂದೂಕಿನ ಭಯವಿತ್ತೆಂದರೆ ನಂಬುವುದು ಕಷ್ಟ.

ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವರೆಂಬ ಭೀತಿ ಕಾಡಿನ ಜನರನ್ನು ಆವರಿಸಿದ್ದ ಕಾಲದಲ್ಲಿ ಮಲೆನಾಡಿನಲ್ಲಿ ನಕ್ಸಲ್ ಚಳವಳಿ ಬೇರೂರಿತು. 2003ರ ನವೆಂಬರಿನಲ್ಲಿ ಕಾರ್ಕಳದ ಸಮೀಪದ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿಯಲ್ಲಿ ದೂರದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಿಬಿರದಲ್ಲಿದ್ದ ಪೊಲೀಸರು ನಕ್ಸಲರ ದಾಳಿಯಲ್ಲಿ ಮಡಿದರು. ಮಾಹಿತಿದಾರರೆಂಬ ಶಂಕೆಗೆ ಹಳ್ಳಿಗರೂ ಪ್ರಾಣ ತೆತ್ತರು.

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೆದುರು ಶರಣಾದರು. ಸಂತೋಷವೇ ಸರಿ. ಆದರೆ ಗಾಯ ಮಾಯುವುದು ಇನ್ನೂ ಬಾಕಿಯಿದೆ. ಕರ್ತವ್ಯದಲ್ಲಿ ಮಡಿದ ಪೊಲೀಸರನ್ನು ಪ್ರತಿವರ್ಷ ಅಕ್ಟೋಬರ್ 21ರಂದು ನಾಡು ಸ್ಮರಿಸುತ್ತದೆ. ಅದು ಸಲ್ಲಲೇಬೇಕಾದ ಗೌರವ. ಎರಡೂ ಕಡೆಯ ಸಂಶಯದ ನಡುವೆ ನಲುಗಿದ ಒಕ್ಕಲುಗಳನ್ನು, ಕಾಡಿನಲ್ಲಿ ಸತ್ತ ಮಕ್ಕಳ ತಾಯಂದಿರನ್ನು ನೆನೆಯುವವರಾರು? ಹಿಂಸೆಯ ಹಾದಿಯನ್ನು ಒಪ್ಪದೆಯೂ ಸತ್ತವರಿಗಾಗಿ ಮರುಗಬಹುದು. ಕಾಡಿನ ಜನರ ನೆಲದ ಅಳಲಿಗೆ ಕಿವಿಗೊಡುವುದೂ ಆ ಮರುಕದ ಭಾಗವೇ.

ನಮ್ಮ ಮನೆಗಳಲ್ಲಿ 'ಶರಣು' ಎಂಬುದು ಬಾಗಿಲಿಗೆ ಬಂದವರಿಗೆ ಹೇಳುವ ಮೊದಲ ಮಾತು. ಆಯುಧವಿಟ್ಟು ಬಂದವರು ಆ ಮಾತನ್ನಾಡಿದ್ದಾರೆ. ನೊಂದ ಎಲ್ಲ ಮನೆಗಳ ಹೊಸ್ತಿಲಲ್ಲಿ ನಿಂತು ಅದನ್ನು ಹೇಳುವ ಸರದಿ ಈಗ ನಮ್ಮದು.