ಒಬ್ಬರ ಕೈಗುಣವಲ್ಲ

ಐವಾನ್-ಎ-ಶಾಹಿಯ ನಮ್ಮ ಮನೆಯಲ್ಲಿ ತೊಗರಿಬೇಳೆ ಬೇಯಲಿಟ್ಟಾಗೆಲ್ಲ ಅಪ್ಪನ ನೆನಪು. ಒಂದು ವರ್ಷ ಕಮಲಾಪುರದ ಹೊಲದಲ್ಲಿ ಹೂಬಿಟ್ಟ ತೊಗರಿ ನೆಟೆ ರೋಗದಿಂದ ನಿಂತಲ್ಲೇ ಒಣಗಿತು. ನನ್ನ ಮದುವೆಯೂ ಮುಂದಕ್ಕೆ ಹೋಯಿತು. ಬೀಜದ ತಪ್ಪೆಂದರು ಕೆಲವರು, ಮಣ್ಣಿನದೆಂದರು ಕೆಲವರು.

ಪಟಾಂಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಎರಡನ್ನೂ ಒಟ್ಟಿಗೆ ನೋಡಿದರು. ರೋಗ ಬಲ್ಲವರು ಬೇಕೆಂದೇ ಮಣ್ಣಿನಲ್ಲಿ ನೆಟೆಯ ಶಿಲೀಂಧ್ರ ಬೆಳೆಸಿದರು; ತಳಿ ಬಲ್ಲವರು ಅಲ್ಲೇ ಬಿತ್ತಿ, ಬದುಕುಳಿದ ಗಿಡಗಳನ್ನು ಆರಿಸಿದರು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತಿದ್ದರೆ ಒಬ್ಬರಿಗೆ ರೋಗದ ಹೆಸರು, ಇನ್ನೊಬ್ಬರಿಗೆ ಬೀಜದ ಚೀಲ, ಅಷ್ಟೇ ಉಳಿಯುತ್ತಿತ್ತು. ಹಾಗೆ ಬಂದ ‘ಮಾರುತಿ’ ತಳಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು.

ಅಪ್ಪ ಅದನ್ನು ಬಿತ್ತಿದರು. ಹಸಿರು ನೋಡುತ್ತ, “ಯಾರವ್ವ ಇದನ್ನ ಮಾಡಿದ ಪುಣ್ಯಾತ್ಮ?” ಎಂದರು.

“ಒಬ್ಬರಲ್ಲಪ್ಪ, ಹಲವರು.”

“ಅದಕ್ಕೇ ಬೆಳಿ ನಿಂತದ.”