ಒಂದು ಮಂಜೊಟ್ಟಿ ಕಡಿಮೆ

ನನ್ನ ಮೊಮ್ಮಗನಿಗೆ ಮಿಕ್ಸಿ ಆಗುವುದಿಲ್ಲ. ಅದರ ಚಟ್ನಿ ಆಗುತ್ತದೆ, ಸದ್ದು ಆಗುವುದಿಲ್ಲ. ಹಾಗಾಗಿ ಅವನು ಉಡುಪಿಗೆ ಬಂದಾಗಲೆಲ್ಲ ಹಿತ್ತಲಿನ ಕಡೆಯುವ ಕಲ್ಲಿಗೆ ಜೀವ ಬರುತ್ತದೆ, ನನ್ನ ರಟ್ಟೆಯ ಜೀವ ಹೋಗುತ್ತದೆ. ಅಂಗಿಯ ಕಾಲರಿನ ಚೀಟಿ ಕತ್ತರಿಸದಿದ್ದರೆ ಮನೆಯೇ ಕುರುಕ್ಷೇತ್ರ. ಅದೇ ಹುಡುಗ ಅಂಗಳದಲ್ಲಿ ಬುಗುರಿಯಂತೆ ಗಿರಗಿರ ಸುತ್ತಿದರೆ ತಲೆ ತಿರುಗುವುದು ನೋಡುವ ನಮಗೆ.

ಇದು ಹಠ ಅಲ್ಲ ಎಂದರಂತೆ ಮಣಿಪಾಲದ ಆಕ್ಯುಪೇಶನಲ್ ಥೆರಪಿಸ್ಟ್. ಕಿವಿ, ಚರ್ಮ, ಕೀಲುಗಳು ತರುವ ಸುದ್ದಿಯನ್ನು ಒಬ್ಬೊಬ್ಬರ ಮೆದುಳು ಒಂದೊಂದು ತಕ್ಕಡಿಯಲ್ಲಿ ತೂಗುತ್ತದೆ. ಒಬ್ಬನಿಗೆ ಪಿಸುಮಾತೇ ಚೆಂಡೆ, ಇನ್ನೊಬ್ಬನಿಗೆ ಚೆಂಡೆಯೂ ಸಾಲದು. ಅಮೆರಿಕದ ಜೀನ್ ಏರ್ಸ್ ಎಂಬಾಕೆ 1972ರಲ್ಲೇ ಇದರ ಮೇಲೆ ಪುಸ್ತಕ ಬರೆದಿದ್ದಾರೆ. ಮನೆಯಲ್ಲೂ ತೂಗಾಡಲು, ಎಳೆಯಲು, ಕೈಯಾಡಿಸಲು, ಸಾಕಾದಾಗ ಅಡಗಲು ಒಂದು ಜಾಗ ಮಾಡಿ ಎಂದು ಸಲಹೆ. ಅಳಿಯ ಮೊಬೈಲಿನಲ್ಲಿ ಬಟ್ಟೆಯ ಜೋಕಾಲಿಯೊಂದನ್ನು ತೋರಿಸಿದ. ಆ ಬೆಲೆಗೆ ನಮ್ಮ ಕಾಲದಲ್ಲಿ ಕರುವಿನ ಸಮೇತ ಎಮ್ಮೆ ಬರುತ್ತಿತ್ತು.

ಹಲಸಿನ ಮರಕ್ಕೆ ಹೆಂಡತಿಯ ಹಳೆ ಸೀರೆ ಕಟ್ಟಿದೆ. ಅಡಿಕೆ ಹಾಳೆ ತಂದು, ಕೂರು, ಎಳೆಯುತ್ತೇನೆ ಎಂದೆ. ಎಳೆಯುವವನಿಗೇ ಅಲ್ಲವೇ ಕೀಲುಗಳಿಗೆ ಕೆಲಸ ಎಂದಳು ಮಗಳು. ಸರಿ, ನಾನು ಕುಳಿತೆ, ಅವನು ಎಳೆದ. ತುಳಸಿಕಟ್ಟೆ ದಾಟುವಷ್ಟರಲ್ಲಿ ಹಾಳೆ ಹರಿಯಿತು. ಆಮೇಲೆ ಕೆಲಸ ಸಿಕ್ಕಿದ್ದು ನನ್ನ ಕೀಲುಗಳಿಗೆ.

ಕಾಪುವಿನ ಕಡಲಬದಿಯಲ್ಲಿ ಒಣ ಹೊಯಿಗೆಗೆ ಕಾಲಿಡಲೊಲ್ಲದವನು ಒದ್ದೆ ಹೊಯಿಗೆಯಲ್ಲಿ ಸೊಂಟದವರೆಗೆ ಹೂತುಕೊಂಡು ಕುಳಿತ. 1901ರ ದೀಪಸ್ತಂಭದ ಕಡೆ ಕಣ್ಣೆತ್ತಲಿಲ್ಲ. ಕಾರ್ಕಳದಲ್ಲಿ ನಾವೆಲ್ಲ 42 ಅಡಿಯ ಗೊಮ್ಮಟನನ್ನು ಕತ್ತು ನೋಯುವಷ್ಟು ನೋಡುತ್ತಿದ್ದರೆ ಇವನು ಬಿಸಿಲು ಕುಡಿದ ಬಂಡೆಗೆ ಕೆನ್ನೆ ಒತ್ತಿ ಮಲಗಿದ್ದ. ಗೊಮ್ಮಟ 1432ರಿಂದ ನಿಂತೇ ಇದ್ದಾನೆ. ಮಲಗಿ ನೋಡುವವರನ್ನೂ ಕಂಡಿರಬೇಕು.

ಅಡಗುವ ಜಾಗ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏಣಿಮೆಟ್ಟಿಲ ಕೆಳಗೆ, ಭಾರದ ಕಂಬಳಿ, ಕತ್ತಲೆ. ಚಿಕ್ಕಂದಿನಲ್ಲಿ ವಿಟ್ಲಪಿಂಡಿಯ ದಿನ ಬೀದಿಯಲ್ಲಿ ಹುಲಿವೇಷದ ತಾಸೆ ಮೊಳಗಿದ ಕೂಡಲೇ ನಾನು ಹೋಗಿ ಕೂರುತ್ತಿದ್ದದ್ದು ಭತ್ತದ ಪತ್ತಾಯದೊಳಗೆ. ಹುಲಿಗೆ ಹೆದರುವ ಪುಕ್ಕಲ ಎಂದು ಅಪ್ಪಯ್ಯ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಹುಲಿಯೆಂದರೆ ನನಗೆ ಪ್ರಾಣ. ಆಗದಿದ್ದದ್ದು ತಾಸೆ. ಅದನ್ನು ಹೇಳಲು ಆಗ ನನಗೆ ತಿಳಿದಿರಲಿಲ್ಲ, ಅಪ್ಪಯ್ಯ ಈಗ ಇಲ್ಲ.

ಆಟಿಯ ಮಳೆಗೆಂದೇ ಇದ್ದ ಚೆನ್ನೆಮಣೆ ಈ ಸಲ ಬೇಸಿಗೆಯಲ್ಲೇ ಅಟ್ಟದಿಂದ ಇಳಿಯಿತು. 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಆಟದ ನಿಯಮ ಅವನಿಗೆ ಬೇಡ. ಎಲ್ಲವನ್ನೂ ಬೋಗುಣಿಗೆ ಸುರಿದು, ಬೆರಳು ಮುಳುಗಿಸಿ, ಗಂಟೆಗಟ್ಟಲೆ ಕೂರುತ್ತಾನೆ. ಸಂಜೆ ಎತ್ತಿಡುವಾಗ ಮಾತ್ರ ಲೆಕ್ಕ ತಪ್ಪಬಾರದು.

“ಅಜ್ಜ, 55.”

ಚಾಪೆ ಕೊಡವಿದೆವು, ಮಂಚ ಸರಿಸಿದೆವು. ಹೆಂಡತಿ ನನ್ನ ಬಲಗೈಯನ್ನೇ ನೋಡುತ್ತಿದ್ದಳು. ಮಾತಾಡುವಾಗ ಕೈ ಕಿಸೆಯಲ್ಲೇ ಇರುತ್ತದೆ, ಏನನ್ನಾದರೂ ಉರುಟುತ್ತಲೇ ಇರುತ್ತೀರಿ ಎಂಬುದು ಅವಳ 40 ವರ್ಷದ ದೂರು. ಹುಡುಗನೂ ಅತ್ತ ನೋಡಿದ. ಬಂದು, ಕೇಳದೆ ಕಿಸೆಗೆ ಕೈ ಹಾಕಿದ.

“ಬಿಸಿ ಉಂಟು,” ಎಂದ. ಅದನ್ನೂ ಬೋಗುಣಿಗೆ ಹಾಕಿ, 56 ಎಂದು ಮುಚ್ಚಳ ಮುಚ್ಚಿದ. ರಾತ್ರಿಯಿಡೀ ನನ್ನ ಬೆರಳುಗಳಿಗೆ ಕೆಲಸವಿಲ್ಲ.